ನಾನು ಎಬ್ಬಿಸಿದ ಚಂದ್ರ

ಚಂದ್ರನನ್ನು ಒಂದು ತಿಂಗಳಲ್ಲಿ ನನ್ನ ಲೆಕ್ಕದ ಪುಸ್ತಕಕ್ಕೆ ಇಳಿಸುತ್ತೇನೆ ಎಂದು ನಾನು ಘೋಷಿಸಿದ್ದು ಅಮಾವಾಸ್ಯೆಯ ಮರುದಿನ. ಇಪ್ಪತ್ತಾರು ವರ್ಷ ಅಕ್ಕೋಳದ ಮಕ್ಕಳಿಗೆ ಗಣಿತ ಕಲಿಸಿದ ಸಮ್ಮೇದ ಮಾಸ್ತರ ನಾನು. ತಿಂಗಳಿಗೊಮ್ಮೆ ಮಾತ್ರ ರಜೆ ಹಾಕುವ ಈ ಒಬ್ಬ ವಿದ್ಯಾರ್ಥಿ ನನಗೆ ಯಾವ ಲೆಕ್ಕ?

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಸುಜಾತಾ ವೈನಿ. ಮಗಳು ಕಾಂಚನಳಿಗೆ ಮಗುವಾಗಲಿ ಎಂದು ಅವರು ಇಪ್ಪತ್ತೊಂದು ಸಂಕಷ್ಟಿಯ ಹರಕೆ ಹೊತ್ತಿದ್ದರು. ಇಪ್ಪತ್ತು ಮುಗಿದಿದ್ದವು, ಕಾಂಚನಳಿಗೆ ಎಂಟು ತಿಂಗಳು ತುಂಬಿತ್ತು. ಉಳಿದದ್ದು ಒಂದೇ ಒಂದು. ದಿನವಿಡೀ ಉಪವಾಸವಿದ್ದು, ಚಂದ್ರ ಮೂಡಿದ್ದನ್ನು ಕಂಡು ಅರ್ಘ್ಯ ಕೊಟ್ಟ ಮೇಲೆಯೇ ಊಟ. ಅದಕ್ಕೂ ಮೊದಲು ಒಂದು ತುತ್ತು ಬಾಯಿಗೆ ಹೋದರೆ ಇಪ್ಪತ್ತೊಂದೂ ನೀರಿನಲ್ಲಿ ಹೋಮ.

“ಕ್ಯಾಲೆಂಡರದಾಗ ಚಂದ್ರೋದಯ ಒಂಬತ್ತಕ್ಕ ಎರಡ ಮಿನಿಟ ಅಂತ ಬರದಾರಲ್ರಿ ಸರ?” ಎಂದರು ವೈನಿ.

“ಅದು ಮುಂಬೈ ಚಂದ್ರ, ವೈನಿ. ನಾವು ಮುಂಬೈಕಿಂತ ಪೂರ್ವಕ್ಕ ಅದೀವಿ, ನಮ್ಮ ಚಂದ್ರ ಮೊದಲ ಬರತಾನ. ನಾ ಮಿನಿಟ ಸಮೇತ ಹೇಳತೀನಿ. ಜವಾಬ್ದಾರಿ ನಂದು.”

ಒಳಗಿನಿಂದ ನನ್ನ ಹೆಂಡತಿ ತ್ರಿಶಲಾ ಕೆಮ್ಮಿದಳು. ಆ ಕೆಮ್ಮಿನ ಅರ್ಥ ನನಗೆ ಗೊತ್ತಿದ್ದರೂ ಗೊತ್ತಿಲ್ಲದವನಂತೆ ಇದ್ದೆ.

ಇನ್ನೂರು ಪುಟದ ಬುಕ್ಕು ತಂದು ಗೆರೆ ಹಾಕಿದೆ. ಮೂಡಿದ ಹೊತ್ತು, ಮುಳುಗಿದ ಹೊತ್ತು, ಆಕಾರ. ಚಂದ್ರ ಬೆಳೆಯುವ ಪಕ್ಷದಲ್ಲಿ ಹಾಡಹಗಲೇ ಮೂಡುತ್ತಾನೆ ಎಂಬುದು ಆಗ ತಿಳಿಯಿತು. ಷಷ್ಠಿಯ ದಿನ ಹನ್ನೊಂದರ ಸುಮಾರಿಗೆ ಕ್ಲಾಸು ಬಿಟ್ಟು ಶಾಲೆಯ ಮಾಳಿಗೆ ಹತ್ತಿ ಹೆಡ್ಮಾಸ್ತರರಿಂದ ಬೈಸಿಕೊಂಡೆ.

“ಹನ್ನೊಂದಕ್ಕ ಏಳತಾನಂದ್ರ ನಿಮ್ಮ ಸಾಲಿ ಹುಡುಗೂರಕಿಂತ ಆಳಸಿ ಅದಾನ ಬಿಡ್ರಿ,” ಎಂದಳು ತ್ರಿಶಲಾ. ಅಷ್ಟಮಿಯ ಚಂದ್ರ ಮುಳುಗುವವರೆಗೆ ಎಚ್ಚರ ಇರಲಾಗದೆ ‘ಮುಳುಗಿರಬೇಕು’ ಎಂದು ಬರೆದಿಟ್ಟಿದ್ದೆ. ಅವಳು ಅದನ್ನೂ ಓದಿ, ವೈನಿಗೂ ಓದಿ ಹೇಳಿದಳು.

ಬಸದಿ ಕಮಿಟಿಯ ಸಭೆಯಲ್ಲೂ ನನಗೆ ಚಂದ್ರನದೇ ಧ್ಯಾನ. ಬಸದಿಯ ಮುಂದಿನ ಎತ್ತರದ ಕಲ್ಲುಕಂಬ, ಮಾನಸ್ತಂಭದ ತುದಿಗೆ ದೀಪ ನಾನೇ ಕೊಡಿಸುತ್ತೇನೆಂದು ಒಪ್ಪಿ, ವೈರಿಂಗ್ ಮಾಡುವ ಬಾಳುವಿಗೆ, “ಗುಂಡಗ ಇರಬೇಕು, ಥೇಟ ಚಂದ್ರನಂಗ ಕಾಣಬೇಕು ನೋಡಪಾ,” ಎಂದೆ. “ಎರಡ ದಿನದಾಗ ಕುಂದ್ರಸತೀನ್ರಿ ಸರ,” ಎಂದ. ಬಾಳುವಿನ ಎರಡು ದಿನ ಯಾವ ಗಣಿತಕ್ಕೂ ಸಿಗುವಂಥದ್ದಲ್ಲ. ನಾನೂ ಮರೆತುಬಿಟ್ಟೆ.

ಹುಣ್ಣಿಮೆ ಕಳೆದ ಮೇಲೆ ಚಂದ್ರ ದಾರಿಗೆ ಬಂದ. ದಿನಕ್ಕೆ ಐವತ್ತು ಚಿಲ್ಲರೆ ನಿಮಿಷ ತಡ ಮಾಡುತ್ತ, ನಮ್ಮ ಮಾಳಿಗೆಯಿಂದ ಕಾಣುವ ಬೇವಿನ ಗಿಡದ ಪಕ್ಕವೇ ಮೂಡತೊಡಗಿದ. ಕೂಡಿಸಿ ಕಳೆದು ಸಂಕಷ್ಟಿಯ ಹೊತ್ತು ತೆಗೆದೆ: ಎಂಟು ಐವತ್ತಾರು. ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದೆ.

ಸಂಕಷ್ಟಿಯ ದಿನ ಸಂಜೆ ಐದಕ್ಕೇ ಮಾಳಿಗೆ ಹತ್ತಿದೆ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ನಮ್ಮ ಊಟ ಮುಗಿಯಬೇಕು. ತ್ರಿಶಲಾ ಮೂರು ಸಲ ಕರೆದಳು, ಮೂರು ಸಲವೂ “ಬಂದೆ” ಎಂದೆ. ಕುರ್ಚಿ, ಬ್ಯಾಟರಿ, ಬುಕ್ಕು ಎಲ್ಲ ಜೋಡಿಸಿ ತಿರುಗಿ ನೋಡಿದರೆ ಸೂರ್ಯನಿಲ್ಲ.

“ಇನ್ನ ನಾಳಿ ಮುಂಜಾನೇನ ನಿಮಗ ಊಟ,” ಎಂದು ಅವಳು ಪಾತ್ರೆ ಮುಚ್ಚಿಟ್ಟಳು. ಹೀಗಾಗಿ ಅಂದು ಓಣಿಯಲ್ಲಿ ಉಪವಾಸ ಇಬ್ಬರದು: ವೈನಿಯದು ಭಕ್ತಿಯಿಂದ, ನನ್ನದು ಬೇಜವಾಬ್ದಾರಿಯಿಂದ.

ಕತ್ತಲಾದಂತೆ ಮಂಜು ಇಳಿಯಿತು. ಎಂಟು ಮೂವತ್ತೊಂದಕ್ಕೆ ಬೇವಿನ ಗಿಡದ ಪಕ್ಕ, ಮಂಜಿನ ಮೇಲೆ, ಗುಂಡನೆಯ ಹಳದಿ ಬೆಳಕು ಕಾಣಿಸಿತು. ನನ್ನ ಲೆಕ್ಕಕ್ಕಿಂತ ಇಪ್ಪತ್ತೈದು ನಿಮಿಷ ಮೊದಲು! ಬೇರೆ ಯಾರಾದರೂ ಕಣ್ಣುಜ್ಜಿಕೊಳ್ಳುತ್ತಿದ್ದರು. ನನಗೆ ಹೊಳೆದದ್ದು ಒಂದೇ: ಮುಂಬೈ ಕ್ಯಾಲೆಂಡರು ಅರ್ಧ ತಾಸು ತಪ್ಪಿದೆ, ಅದನ್ನು ಕಂಡುಹಿಡಿದವನು ಅಕ್ಕೋಳದ ಸಮ್ಮೇದ ಮಾಸ್ತರ.

“ವೈನಿ, ಬರ್ರಿ! ಚಂದ್ರ ಬಂದಾನ!”

ವೈನಿ ಆರತಿ ತಟ್ಟೆ, ನೀರಿನ ತಂಬಿಗೆ, ಮೋದಕ ಹಿಡಿದು ನಮ್ಮ ಮಾಳಿಗೆಗೆ ಬಂದರು. ದಿಟ್ಟಿಸಿ ನೋಡಿದರು.

“ಹುಣಿಮಿ ಆಗಿ ನಾಕ ದಿನಾ ಆತಲ್ರಿ ಸರ. ಒಂದ ಕಡೆ ಸವದಿರಬೇಕಿತ್ತು. ಇಂವ ಪೂರಾ ಗುಂಡಗ ಅದಾನ?”

“ಮಂಜಿನಾಗ ಹಂಗ ಕಾಣತೈತ್ರಿ,” ಎಂದೆ. ಹತ್ತೊಂಬತ್ತು ದಿನ ಚಂದ್ರನ ಆಕಾರ ಬರೆದಿಟ್ಟವನು ಆಡಿದ ಮಾತು ಇದು.

ಮಾಸ್ತರ ಹೇಳಿದ ಮೇಲೆ ಮುಗಿಯಿತು. ವೈನಿ ಅರ್ಘ್ಯ ಬಿಟ್ಟು, “ನನ್ನ ಕಾಂಚನನ ಕಾಯಪ್ಪಾ,” ಎಂದು ಕೈಮುಗಿದರು. ಮೋದಕ ಎತ್ತಿ ಬಾಯಿಯ ಹತ್ತಿರ ತಂದರು.

ಕರೆಂಟು ಹೋಯಿತು. ಇಡೀ ಅಕ್ಕೋಳ ಕತ್ತಲಾಯಿತು. ಚಂದ್ರನೂ ಆರಿಹೋದ.

ಮೋದಕ ತುಟಿಗೆ ತಾಗುವಷ್ಟರಲ್ಲೇ ನಿಂತಿತ್ತು. ಮೆಟ್ಟಿಲ ಕಡೆಯಿಂದ ತ್ರಿಶಲಾಳ ದನಿ ಬಂತು: “ಚಂದ್ರಗೂ ಲೋಡ್ ಶೆಡ್ಡಿಂಗ ಸುರು ಆತೇನ್ರಿ?”

ವೈನಿ ಮೋದಕ ತಟ್ಟೆಗಿಟ್ಟರು. “ಇನ್ನೊಂದ ಚೂರ ತಡಾ ಆಗಿದ್ರ ನುಂಗೇ ಬಿಡತಿದ್ನೆಲ್ರಿ ಸರ,” ಎಂದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಹಸಿವೆಲ್ಲ ಸತ್ತುಹೋಗಿ, ಕುರ್ಚಿಯ ಕೆಳಗೆ ಅಡಗೋಣ ಎನಿಸುವಷ್ಟು ನಾಚಿಕೆಯಾಯಿತು.

ಮೂವರೂ ಕತ್ತಲಲ್ಲೇ ಕಾಯುತ್ತ ಕುಳಿತೆವು. ಕೊನೆಗೆ ಬೇವಿನ ಗಿಡದ ಸಂದಿಯಿಂದ, ಒಂದು ಅಂಚು ಸವೆದ ಕೆಂಚು ಚಂದ್ರ ನಿಧಾನವಾಗಿ ಮೇಲೆ ಬಂದ. ಬ್ಯಾಟರಿಯ ಬೆಳಕು ಬಿಟ್ಟು ಗಡಿಯಾರ ನೋಡಿದೆ. ಎಂಟು ಐವತ್ತಾರು. ಗಣಿತ ಸರಿಯಾಗಿಯೇ ಇತ್ತು, ತಪ್ಪಿದ್ದು ಮಾಸ್ತರ.

ವೈನಿ ಮತ್ತೊಮ್ಮೆ ಅರ್ಘ್ಯ ಕೊಟ್ಟು, ಈ ಸಲ ನನ್ನನ್ನು ಕೇಳದೆ, ತ್ರಿಶಲಾಳ ಮುಖ ನೋಡಿ ಖಾತ್ರಿ ಮಾಡಿಕೊಂಡು ಮೋದಕ ತಿಂದರು. ಒಳ್ಳೆಯ ಹೆಂಗಸು, ನನ್ನ ಕಡೆಗೂ ತಟ್ಟೆ ಚಾಚಿದರು.

“ಅವ್ರಿಗೆ ಬ್ಯಾಡ್ರಿ ವೈನಿ, ಹೊತ್ತ ಮುಳಗೇತಿ,” ಎಂದಳು ತ್ರಿಶಲಾ. ತುಪ್ಪದ ವಾಸನೆ ಕುಡಿಯುತ್ತ ಕುಳಿತೆ.

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ತ್ರಿಶಲಾ ಎತ್ತಿಕೊಂಡು ಸ್ಪೀಕರ್ ಹಾಕಿದಳು.

“ಸರ, ಬಾಳು ಮಾತಾಡಾಕತ್ತೇನ್ರಿ. ಮಾನಸ್ತಂಭಕ್ಕ ನಿಮ್ಮ ದೀಪಾ ಕುಂದ್ರಸಿ ಹಚ್ಚಿದ್ನಿ, ಅಷ್ಟರಾಗ ಕರೆಂಟ ಹೋತು. ನಿಮ್ಮ ಮಾಳಗಿ ಮ್ಯಾಲಿಂದ ಕಂಡಿತೇನ್ರಿ? ನೀವು ಹೇಳಿದಂಗ ಥೇಟ ಚಂದ್ರನಂಗ ಐತೋ ಇಲ್ಲೋ?”

ನಾನು ಬಾಯಿ ತೆರೆಯುವ ಮೊದಲೇ ತ್ರಿಶಲಾ ಹೇಳಿದಳು: “ಭಾಳ ಛಲೋ ಐತೋ ಬಾಳು. ನಾವು ಅರ್ಘ್ಯಾನೂ ಕೊಟ್ಟೀವಿ.”