ಶಾಲೆಯ ಎದುರಿನ ಫ್ಲ್ಯಾಟು

ದೀಕ್ಷಿತಾಳಿಗೆ ಬಸ್ಸು ಆಗಿಬರುತ್ತಿರಲಿಲ್ಲ. ರೋಹಿದಾಸನ ಪಾಡೆಲ್ಲ ಶುರುವಾದದ್ದು ಅಲ್ಲಿಂದ.

ಕೊಲ್ಲಿ ಯುದ್ಧಕ್ಕೆ ಮುಂಚೆ ಅವರ ಮನೆ ಮೈದಾನ್ ಹವಲ್ಲಿ ಬಡಾವಣೆಯಲ್ಲಿತ್ತು, ಮಗಳ ಶಾಲೆ ದೂರದ ಖೈತಾನ್‌ನಲ್ಲಿ. ಬಸ್ಸು ಅಲ್ಲಿಗೆ ತಲುಪುವಷ್ಟರಲ್ಲಿ ಮಗು ಬೆಳಗ್ಗೆ ತಿಂದ ಇಡ್ಲಿಯನ್ನೆಲ್ಲ ಮುಂದಿನ ಸೀಟಿಗೆ ಒಪ್ಪಿಸಿಬಿಡುತ್ತಿತ್ತು. ಬೇರೆ ಮಕ್ಕಳು ಅವಳ ಮುಂದಿನ ಸೀಟನ್ನು ಖಾಲಿ ಬಿಟ್ಟು, ಹೆಂಗಸರ ಸೀಟಿಗೆ ಕೊಡುವಷ್ಟೇ ಮರ್ಯಾದೆ ಅದಕ್ಕೂ ಕೊಡುತ್ತಿದ್ದರು. ಯೂನಿಫಾರ್ಮು ಒಗೆದೂ ಒಗೆದೂ ಹೆಂಡತಿ ಕುಸುಮಾವತಿಯ ಕೈ ಸವೆದಿತ್ತು.

ಆಮೇಲೆ ಇರಾಕಿನ ಸೈನ್ಯ ಬಂತು. ಎಲ್ಲರಂತೆ ಇವರೂ ಮರುಭೂಮಿ ದಾಟಿ, ಜೋರ್ಡಾನಿನ ಡೇರೆಗಳಲ್ಲಿ ಬಿದ್ದುಕೊಂಡು, ಹೇಗೋ ಊರು ಸೇರಿದರು. ಯುದ್ಧ ಮುಗಿದು ಕಂಪೆನಿ ಕರೆಸಿಕೊಂಡಾಗ ರೋಹಿದಾಸ ಒಬ್ಬನೇ ವಾಪಸು ಬಂದ. ಈಗ ಎಣ್ಣೆಬಾವಿಗಳ ಬೆಂಕಿ ಆರಿತ್ತು. ಕುಟುಂಬದ ವೀಸಾ ಸಿಕ್ಕಿತ್ತು. ತೆರೆಯುತ್ತದೆ, ತೆರೆಯುವುದಿಲ್ಲ ಎಂದು ತಿಂಗಳಿಡೀ ಸುದ್ದಿಯಾಗಿದ್ದ ಶಾಲೆ ಕೊನೆಗೂ ತೆರೆಯುವುದೆಂದು ಹಿಂದಿನ ವಾರ ಖಚಿತವಾಗಿತ್ತು. ಹೆಂಡತಿ ಮಗಳು ಈ ಸಂಜೆಯ ವಿಮಾನಕ್ಕೆ ಬರುವವರಿದ್ದರು.

ಇಲ್ಲದ್ದು ಮನೆ ಮಾತ್ರ.

"ನನಗೆ ಸೋಫಾ ಬೇಡ, ಬಾಲ್ಕನಿ ಬೇಡ," ಎಂದು ಕುಸುಮಾವತಿ ಫೋನಿನಲ್ಲಿ ಹೇಳಿದ್ದಳು. "ಮಗು ಶಾಲೆಗೆ ನಡ್ಕೊಂಡು ಹೋಗ್ಬೇಕು. ಕಿಟಕಿಯಲ್ಲಿ ನಿಂತ್ರೆ ನನಗೆ ಗೇಟು ಕಾಣ್ಬೇಕು. ಪುನಃ ಎಂತಾದ್ರೂ ಆದ್ರೆ ಓಡಿ ಹೋಗಿ ಎಳ್ಕೊಂಡು ಬರುವ ಹಾಗೆ ಇರ್ಬೇಕು. ಅಂಥ ಮನೆ ಇದ್ರೆ ವಿಮಾನ ಹತ್ತುತ್ತೇನೆ." ನೀವು ಬರುವಷ್ಟರಲ್ಲಿ ಮಾಡಿರುತ್ತೇನೆ ಎಂದು ಅವನು ಮಾತು ಕೊಟ್ಟುಬಿಟ್ಟಿದ್ದ.

ರೋಹಿದಾಸ ಮಲಗುತ್ತಿದ್ದುದು ಮೈದಾನ್ ಹವಲ್ಲಿಯಲ್ಲಿ, ಗೆಳೆಯ ಮಥಾಯಸನ ಮನೆಯ ಹಾಲಿನಲ್ಲಿ. ಅಂದು ಬೆಳಿಗ್ಗೆ ಚಾ ಕುಡಿಯುವಾಗ ಮಥಾಯಸ್ ಮತ್ತೆ ಅದೇ ರಾಗ ತೆಗೆದ.

"ಮೇಲಿನ ಫ್ಲ್ಯಾಟು ಖಾಲಿ ಉಂಟು ಮಾರಾಯ. ಮಧ್ಯಾಹ್ನದೊಳಗೆ ಹೂಂ ಅಂದ್ರೆ ಬೀಗದಕೈ ನಿನಗೆ. ಇಲ್ಲದಿದ್ರೆ ಇನ್ನೊಬ್ಬ ಕಾದು ಕೂತಿದ್ದಾನೆ."

"ಬಸ್ಸು?"

"ನಮ್ಮ ಲೊರೈನ್ ಹೋಗುವುದಿಲ್ಲವಾ ಬಸ್ಸಲ್ಲಿ?"

"ನಿನ್ನ ಮಗಳ ಹೊಟ್ಟೆ ಕಬ್ಬಿಣದ್ದು. ನಮ್ಮವಳಿಗೆ ಬಸ್ಸಿನ ಚಿತ್ರ ತೋರಿಸಿದ್ರೂ ಸಾಕು."

"ಲಿಂಬೆಹುಳಿ ಮೂಸಿದ್ರೆ ಸರಿಯಾಗ್ತದೆ," ಎಂದಳು ಮಥಾಯಸನ ಹೆಂಡತಿ ಬ್ರಿಜಿಟ್. "ಇಲ್ಲೇ ಇರಿ ರೋಹಿದಾಸಣ್ಣ. ಲೊರೈನ್‌ಗೂ ಒಂದು ಜೊತೆ ಆಗ್ತದೆ. ಅವಳ ಫ್ರೆಂಡ್ಸ್ ಯಾರೂ ವಾಪಸು ಬರ್ಲಿಲ್ಲ."

ರೋಹಿದಾಸನ ಕಣ್ಣ ಮುಂದೆ ಕುಸುಮಾವತಿಯ ಮುಖ ಬಂದು ನಿಂತಿತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಖೈತಾನ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಉಳ್ಳಾಲದ ಪುತ್ತಬ್ಬ.

"ರೋಹಿದಾಸಣ್ಣ, ಶಾಲೆಯ ಎದುರೇ ಫ್ಲ್ಯಾಟು ಖಾಲಿಯಾಗಿದೆ! ಓಡಿ ಬನ್ನಿ. ಇನ್ನೊಬ್ಬ ನೋಡ್ಲಿಕ್ಕೆ ಬರ್ತಾ ಇದ್ದಾನಂತೆ."

ಚಾ ಅರ್ಧಕ್ಕೇ ನಿಂತಿತು. ಶರ್ಕ್‌ನ ತನ್ನ ಆಫೀಸಿಗೆ ಫೋನು ಮಾಡಿ, ಮ್ಯಾನೇಜರ್ ಹರ್ಬರ್ಟರಲ್ಲಿ ಒಂದು ದಿನದ ರಜೆ ಬೇಡಿದ. "ಮನೆ ಹುಡುಕ್ಲಿಕ್ಕೆ ಇಷ್ಟು ದಿವಸ ಬೇಕಾ ನಿಮಗೆ?" ಎಂದು ಗದರಿಯೇ ಅವರು ರಜೆ ಕೊಟ್ಟರು.

ಶಾಲೆಯ ಎದುರಿನ ಮನೆ ಮೂರನೇ ಮಹಡಿಯಲ್ಲಿತ್ತು. ಬೀಗದಕೈ ಗೊಂಚಲನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದ ಈಜಿಪ್ಟಿನ ಕಾವಲುಗಾರ ಬಾಗಿಲು ತೆರೆದ. ರೋಹಿದಾಸ ಕೋಣೆ ನೋಡಲಿಲ್ಲ, ನಲ್ಲಿ ತಿರುಗಿಸಿ ನೋಡಲಿಲ್ಲ. ನೇರ ಅಡಿಗೆಮನೆಯ ಕಿಟಕಿಗೆ ಹೋದ. ಶಾಲೆಯ ಗೇಟು ಕಂಡಿತು. ಗೇಟಿನ ಬೀಗ, ಬೀಗದ ಮೇಲಿನ ತುಕ್ಕು ಸಹ ಕಂಡಿತು. ಅವನಿಗೆ ಕಣ್ಣು ತುಂಬಿ ಬಂತು.

"ಯಲ್ಲಾ, ಬೇಗ ಬೋಲೋ," ಎಂದ ಕಾವಲುಗಾರ. "ಇನ್ನೊಬ್ಬ ಆದ್ಮಿ ಬರ್ತಾನೆ. ಅವನು ಹಾಂ ಅಂದ್ರೆ ಖಲಾಸ್."

ಹೂಂ ಎನ್ನಬೇಕು. ಆದರೆ ರೋಹಿದಾಸ ಹೂಂ ಎನ್ನುವ ಮುಂಚೆ ಒಂದು ಸಲ ಹೆದರಿಕೊಳ್ಳುವ ಜಾತಿಯವನು. ಕಟ್ಟಡಕ್ಕೂ ಗೇಟಿಗೂ ನಡುವೆ ಒಂದು ಮರಳಿನ ಖಾಲಿ ಜಾಗವಿತ್ತು. ಅದರಲ್ಲಿ ಗಾಜಿನ ಚೂರು ಇರಬಹುದು, ಮೊಳೆ ಇರಬಹುದು. ಪುಟ್ಟ ಕಾಲು, ಬೆನ್ನ ಮೇಲೆ ಪುಸ್ತಕದ ಹೊರೆ. ಮಗು ನಡೆದೀತೆ?

"ಒಂದು ನಿಮಿಷ, ನಡೆದು ನೋಡ್ತೇನೆ," ಎಂದು ಕೆಳಗಿಳಿದ.

ಪುತ್ತಬ್ಬನ ಅಂಗಡಿಯಿಂದ ಒಂದು ಚೀಲಕ್ಕೆ ಬೇಳೆ ತುಂಬಿಸಿಕೊಂಡು ಬೆನ್ನಿಗೆ ನೇತುಹಾಕಿದ. ಮಗಳು ಇಡುವಷ್ಟೇ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತ, ತಲೆ ತಗ್ಗಿಸಿ ನೆಲವನ್ನೇ ನೋಡುತ್ತ, ಮರಳಿನಲ್ಲಿ ನಡೆಯತೊಡಗಿದ. ಅಲ್ಲಲ್ಲಿ ನಿಂತ. ಬಗ್ಗಿ ನೋಡಿದ. ಮತ್ತೆ ಹೆಜ್ಜೆ ಇಟ್ಟ. ಹೊಟ್ಟೆ ಬಂದ ನಡುವಯಸ್ಸಿನ ಗಂಡಸು ಕೊಕ್ಕರೆಯಂತೆ ನಡೆಯುವುದನ್ನು ಕಟ್ಟಡದವರೆಲ್ಲ ನೋಡಿದರು.

ಅದು ನೆಲದಡಿಯ ಮೈನುಗಳ ಕಾಲ. ಸೈನ್ಯ ಬಿಟ್ಟು ಹೋದದ್ದು ಎಲ್ಲಿ ಯಾವುದು ಸಿಡಿಯುತ್ತದೋ ಎಂದು ಜನ ಬಿದ್ದ ಡಬ್ಬಿಯನ್ನೂ ಮುಟ್ಟುತ್ತಿರಲಿಲ್ಲ. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ವೈಲೆಟ್ ಎಂಬ ನರ್ಸಮ್ಮ ಇವನ ನಡಿಗೆ ಕಂಡವಳೇ, "ಮೈನ್! ಮೈನ್!" ಎಂದು ಕಿರುಚಿದಳು.

ಕ್ಷಣದಲ್ಲಿ ಬೀದಿ ಖಾಲಿ. ಮೊದಲು ಓಡಿದವನು ಕಾವಲುಗಾರ, ಗೊಂಚಲಿನ ಸಮೇತ.

ಎಲ್ಲರೂ ಓಡುವುದನ್ನು ರೋಹಿದಾಸ ಕಂಡ. ತನ್ನ ಹತ್ತಿರದಲ್ಲೇ ಮೈನ್ ಇದೆ, ಅವರಿಗೆ ಕಂಡಿದೆ, ತನಗೆ ಕಂಡಿಲ್ಲ! ಇಡಬೇಕೆಂದಿದ್ದ ಕಾಲನ್ನು ಗಾಳಿಯಲ್ಲೇ ನಿಲ್ಲಿಸಿದ. ಅವನು ನಿಂತದ್ದು ನೋಡಿ, ಮೈನನ್ನು ಮೆಟ್ಟಿಯೇಬಿಟ್ಟ ಎಂದು ಜನ ಇನ್ನಷ್ಟು ದೂರ ಓಡಿದರು.

"ರೋಹಿದಾಸಣ್ಣಾ, ಕಾಲು ಎತ್ತಬೇಡಿ!" ಪುತ್ತಬ್ಬ ಅಂಗಡಿಯ ಫ್ರಿಜ್ಜಿನ ಹಿಂದಿನಿಂದ ಕೂಗಿದ.

"ಎತ್ತಿ ಆಯ್ತು ಮಾರಾಯಾ! ಇಡುವುದು ಎಲ್ಲಿ ಹೇಳು!"

ಪೊಲೀಸರು ಬಂದರು. ಹಗ್ಗ ಕಟ್ಟಿದರು. ಸೈನ್ಯದ ಜೀಪು ಬಂತು. ಧ್ವನಿವರ್ಧಕದಲ್ಲಿ ಅರಬಿಯಲ್ಲಿ ಏನೋ ಹೇಳಿದರು. ಕೈ ಎತ್ತು ಎಂದಿರಬೇಕೆಂದು ಇವನು ಕೈಯನ್ನೂ ಎತ್ತಿದ. ಬೆನ್ನ ಮೇಲಿನ ಚೀಲ ಕಂಡು ಪೊಲೀಸರು ಇನ್ನೂ ಹಿಂದೆ ಸರಿದರು. ಒಂಟಿ ಕಾಲು, ಎತ್ತಿದ ಎರಡು ಕೈ, ಬೆವರು. ಹರಕೆ ಹೇಳಿಕೊಳ್ಳೋಣವೆಂದರೆ ಯಾವ ದೇವರ ಹೆಸರೂ ನೆನಪಿಗೆ ಬರಲೊಲ್ಲದು. ವಿಮಾನದಲ್ಲಿ ಕೂತ ಮಗಳ ಮುಖ ಮಾತ್ರ ನೆನಪಾಗುತ್ತಿತ್ತು. 'ಅವಳನ್ನು ಈ ಊರಿಗೆ ಯಾಕಾದರೂ ಕರೆಸಿದೆ,' ಎಂದು ಅವನು ನಿಜಕ್ಕೂ ಅತ್ತುಬಿಟ್ಟ.

ದಪ್ಪ ಅಂಗಿ ತೊಟ್ಟ ಸೈನಿಕನೊಬ್ಬ ಯಂತ್ರ ಹಿಡಿದು ಇಂಚಿಂಚಾಗಿ ಬಂದ. ಯಂತ್ರ ಕುಂಯ್ ಎಂದಿತು. ಇಡೀ ಖೈತಾನ್ ಉಸಿರು ಬಿಗಿಹಿಡಿಯಿತು. ಸೈನಿಕ ಮರಳು ಸರಿಸಿ ತೆಗೆದ: ಯಾವುದೋ ಮಗುವಿನ ಟಿಫಿನ್ ಡಬ್ಬಿಯ ಮುಚ್ಚಳ.

ಚೀಲದಿಂದ ಬೇಳೆ ಸುರಿದಾಗ ಪೊಲೀಸ್ ಅಧಿಕಾರಿ ರೋಹಿದಾಸನ ಮುಖ ನೋಡಿದ. "ಯಾಕೆ?" ಎಂದು ಹಿಂದಿಯಲ್ಲಿ ಕೇಳಿದ. "ನನ್ನ ಮಗಳು... ಸ್ಕೂಲ್... ಚಲ್‌ಕೇ ದೇಖಾ," ಎಂದ ಇವನು. ಅಧಿಕಾರಿಗೂ ಮಕ್ಕಳಿದ್ದಿರಬೇಕು. ಬೈದು ಬಿಟ್ಟುಬಿಟ್ಟ.

ಇಷ್ಟೆಲ್ಲದರ ನಡುವೆ ಒಂದು ಒಳ್ಳೆಯದಾಯಿತು. ಮನೆ ನೋಡಲು ಬಂದ ಇನ್ನೊಬ್ಬ ಹಗ್ಗ, ಜೀಪು ಎಲ್ಲ ಕಂಡು, ಕಾರಿನಿಂದ ಇಳಿಯದೆಯೇ ತಿರುಗಿ ಹೋಗಿದ್ದ. ಮನೆ ರೋಹಿದಾಸನಿಗೇ ಆಯಿತು. ಒಂದು ವರ್ಷ ಬಿಡುವಂತಿಲ್ಲ ಎಂಬ ಕರಾರಿಗೆ ಸಹಿ ಹಾಕಿ, ಮಥಾಯಸನಿಗೆ ಫೋನು ಮಾಡಿ ಮೇಲಿನ ಫ್ಲ್ಯಾಟು ಬೇಡವೆಂದ.

"ಅದು ಆಗ್ಲೇ ಖಲಾಸ್," ಎಂದ ಮಥಾಯಸ್. "ಮಧ್ಯಾಹ್ನ ಆಯ್ತಲ್ಲ."

ಸಂಜೆ ವಿಮಾನ ನಿಲ್ದಾಣಕ್ಕೆ ಅವನು ಹೋದದ್ದು ಒಂದು ಜೇಬಿನಲ್ಲಿ ಲಿಂಬೆಹುಳಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ಇಟ್ಟುಕೊಂಡು. ದೀಕ್ಷಿತಾ ಗೇಣುದ್ದ ಬೆಳೆದಿದ್ದಳು. ಟ್ಯಾಕ್ಸಿ ಹೊರಟದ್ದೇ ಅವನು ಚೀಲ ಬಿಡಿಸಿ ಅವಳ ಗಲ್ಲದ ಕೆಳಗೆ ಹಿಡಿದ.

"ಡ್ಯಾಡಿ, ವಾಟ್ ಆರ್ ಯೂ ಡೂಯಿಂಗ್?"

"ವಾಂತಿ ಬಂದ್ರೆ ಇದಕ್ಕೆ ಮಾಡು ಮಗಾ."

ಮಗಳು ಕಿಲಕಿಲ ನಕ್ಕಳು. ಕುಸುಮಾವತಿ ಕಿಟಕಿಯ ಕಡೆ ನೋಡುತ್ತ, "ಅದೆಲ್ಲ ಈಗ ಇಲ್ಲ. ಊರಲ್ಲಿ ವರ್ಷವಿಡೀ ಸಿಟಿ ಬಸ್ಸಲ್ಲೇ ಹೋದದ್ದಲ್ಲವಾ? ಡ್ರೈವರನ ಪಕ್ಕದ ಸೀಟೇ ಬೇಕು ಇವಳಿಗೆ," ಎಂದಳು.

ರೋಹಿದಾಸನ ಕೈಯ ಚೀಲ ಗಾಳಿಗೆ ಪಟಪಟ ಎಂದಿತು. "ಫೋನಲ್ಲಿ ಹೇಳ್ಲಿಲ್ಲ ನೀನು!"

"ಹೇಳಿದ್ರೆ ನೀವು ದೂರ ಎಲ್ಲಾದ್ರೂ ಮನೆ ಮಾಡಿ ಬಿಡ್ತಿದ್ರಿ. ನನಗೆ ಗೇಟು ಕಾಣ್ಬೇಕಿತ್ತು."

ಅವಳಿಗೆ ಗೇಟು ಕಂಡಿತು. ಅಡಿಗೆಮನೆಯ ಕಿಟಕಿಯಲ್ಲಿ ನಿಂತು, ಯುದ್ಧ ಶುರುವಾದ ಮೇಲೆ ಮೊದಲ ಸಲ ಅವಳು ನಿರಾಳವಾಗಿ ಉಸಿರು ಬಿಟ್ಟಳು. ರೋಹಿದಾಸ ತನ್ನ ಒಂಟಿ ಕಾಲಿನ ಕತೆ ನುಂಗಿಕೊಂಡ. ಹೆಂಡತಿಗೆ ನೆಮ್ಮದಿಯಾಯಿತಲ್ಲ, ಸಾಕು.

ಶಾಲೆ ತೆರೆದ ಮೊದಲ ದಿನ ದೀಕ್ಷಿತಾ ಮುಖ ಊದಿಸಿಕೊಂಡು ಬಂದಳು. ಕ್ಲಾಸಿನ ಹಳೆಯ ಗೆಳತಿಯರಲ್ಲಿ ಲೊರೈನ್ ಒಬ್ಬಳೇ ವಾಪಸು ಬಂದಿದ್ದಳು. ಆ ಲೊರೈನ್ ಬಸ್ಸಿನಲ್ಲಿ ಬರುವವಳು. ಬಸ್ಸಿನವರೆಲ್ಲ ಒಂದು ಗುಂಪು. ಹಾಡೂ ನಗೆಯೂ ಬಸ್ಸಿನಲ್ಲೇ ಶುರುವಾಗಿ, ಕ್ಲಾಸಿಗೆ ಬರುವಾಗ ಇವಳು ಹೊರಗಿನವಳು. "ಐ ವಾಂಟ್ ಟು ಗೋ ಬೈ ಬಸ್," ಎಂದು ಊಟ ಬಿಟ್ಟಳು. ಮರುದಿನವೂ ಬಿಟ್ಟಳು. ಯುದ್ಧ ಕಂಡ ಮಗು, ಗೆಳತಿಯರೆಲ್ಲ ಎಲ್ಲೆಲ್ಲೋ ಚದುರಿಹೋದ ಮಗು. ಕುಸುಮಾವತಿಯೇ ಮೊದಲು ಸೋತಳು.

ರೋಹಿದಾಸ ಬಸ್ಸಿನ ಡ್ರೈವರ್ ಮಮ್ಮಾಲಿಯನ್ನು ಹಿಡಿದ. ಅವನು ಬಿದ್ದು ಬಿದ್ದು ನಕ್ಕ.

"ಶಾಲೆಯ ಎದುರಿನ ಮನೆಗೆ ಬಸ್ಸಾ? ನಾನು ರಿವರ್ಸ್ ತೆಗೆದ್ರೆ ನಿಮ್ಮ ಅಡಿಗೆಮನೆ ಒಳಗೆ ಇರ್ತೇನೆ! ಮೈದಾನ್ ಹವಲ್ಲಿಯಲ್ಲಿ ಹತ್ತಿಸಿ, ಲೊರೈನ್ ಹತ್ತುವಲ್ಲಿ. ಸೀಟು ಕೊಡ್ತೇನೆ."

ಹಾಗೆ ಅದು ಆರಂಭವಾಯಿತು. ಬೆಳಕು ಹರಿಯುವಾಗಲೇ ಅಪ್ಪ ಮಗಳು ಮೆಟ್ಟಿಲಿಳಿಯುತ್ತಾರೆ. ಎದುರಿಗೇ ಶಾಲೆಯ ಗೇಟು. ಅದಕ್ಕೆ ಬೆನ್ನು ಹಾಕಿ ಟ್ಯಾಕ್ಸಿ ಹಿಡಿದು ಮೈದಾನ್ ಹವಲ್ಲಿಗೆ ಹೋಗುತ್ತಾರೆ. ದೀಕ್ಷಿತಾ ಲೊರೈನ್‌ಳ ಕೈಹಿಡಿದು ಬಸ್ಸು ಹತ್ತುತ್ತಾಳೆ. ಬಸ್ಸು ಖೈತಾನಿನ ದಾರಿ ಹಿಡಿಯುತ್ತದೆ. ರೋಹಿದಾಸ ಶರ್ಕ್‌ಗೆ ಓಡುತ್ತಾನೆ. ಅವನು ಏದುಸಿರು ಬಿಡುತ್ತ ಆಫೀಸು ಸೇರುವಾಗ ಕುಸುಮಾವತಿಯ ಫೋನು ಬಂದಿರುತ್ತದೆ: "ಮಗು ಬಂದಳು. ಕಿಟಕಿಯಿಂದ ಕಂಡಿತು."

ವಾರದಲ್ಲಿ ಮೂರನೆಯ ಸಲ ತಡವಾದಾಗ ಹರ್ಬರ್ಟ್ ಅವನನ್ನು ಒಳಗೆ ಕರೆದರು.

"ಮನೆ ಎಲ್ಲಿ ಮಾಡಿದ್ರಿ ಕೊನೆಗೆ?"

"ಖೈತಾನ್‌ನಲ್ಲಿ ಸಾರ್. ಮಗಳ ಶಾಲೆಯ ಎದುರೇ."

ಹರ್ಬರ್ಟರ ಮುಖ ಅರಳಿತು. "ಒಳ್ಳೇದಾಯ್ತು ಮಾರಾಯ್ರೆ! ಬೇರೆಯವರೆಲ್ಲ ಬೆಳಿಗ್ಗೆ ಮಕ್ಕಳನ್ನು ಬಸ್ಸು ಹತ್ತಿಸ್ಬೇಕು, ಆಗುವುದಿಲ್ಲ ಅಂತಾರೆ. ನಿಮಗೆ ಆ ತಾಪತ್ರಯವೇ ಇಲ್ಲವಲ್ಲ." ಮೇಜಿನ ಡ್ರಾಯರಿನಿಂದ ಆಫೀಸಿನ ಬೀಗದಕೈ ತೆಗೆದು ಅವನ ಮುಂದೆ ಇಟ್ಟರು. "ನಾಳೆಯಿಂದ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವ ಕೆಲಸ ನಿಮ್ಮದು."