ಎದುರುಮನೆಯೋರಿಗೆ ರಿವಾಲ್ವರ್ ಬೇಕಂತೆ

ನಮ್ಮ ಶಂಕರಪುರದ ರಸ್ತೇಲಿ ವಾರಕ್ಕೊಂದು ಹುಚ್ಚು ಹುಟ್ಕೊಳ್ಳುತ್ತೆ. ನಾನು ಜಗಲೀಲಿ ಕೂತು ಸೊಪ್ಪು ಬಿಡಿಸ್ತಿದ್ರೆ ಸಾಕು, ತಾನಾಗೇ ಕಣ್ಮುಂದೆ ಬಂದು ಕುಣಿಯುತ್ತೆ. ಬೇರೆ ಹುಚ್ಚಿಗೆಲ್ಲ ನಕ್ಕು ಸುಮ್ಮನಾಗ್ತೀನಿ. ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ.

1. ಷಡ್ಡಕನ ಸೊಂಟ

ಎದುರುಮನೆ ಯಜಮಾನ್ರಿಗೆ ಪೇಟೇಲಿ ಸೀರೆ ಅಂಗಡಿ. ವಯಸ್ಸು ಅರವತ್ತು ದಾಟಿದೆ, ಸಿಟ್ಟಿಗೆ ಇನ್ನೂ ಇಪ್ಪತ್ತು. ಸಾರಿಗೆ ಉಪ್ಪು ಕಮ್ಮಿ ಆಯ್ತು ಅಂತ ಲೋಟ ಎಸೆದು ಗೋಡೆ ಗಾರೆ ಉದುರಿಸಿದ ಮಹಾನುಭಾವ. ಯಾವುದೋ ಮದುವೇಲಿ ಇವರ ಷಡ್ಡಕ, ಹೆಂಡ್ತಿ ತಂಗಿ ಗಂಡ, ಪಂಕ್ತೀಲಿ ಕೂತಾಗ ಕೋಟು ಸರಿಸಿ ಸೊಂಟದ ರಿವಾಲ್ವರ್ ತೋರಿಸಿದ್ನಂತೆ. ಮುಗೀತು, ಮಾರನೇ ದಿನ ಇವರಿಗೂ ಬೇಕು. ಕೇಳಿದ್ರೆ ಸರಗಳ್ಳರ ಕಾಟ ಅಂತಾರೆ. ಇವರ ಮನೆ ಸರ ಇರೋದು ಬ್ಯಾಂಕ್ ಲಾಕರಲ್ಲಿ.

ಹೆಂಡ್ತಿ ಪಾಪ ನಮ್ಮ ಅಡುಗೆಮನೆಗೆ ಬಂದು ಅತ್ರು. "ಲೋಟ ಎಸೆಯೋ ಕೈಗೆ ಅದು ಬಂದ್ರೆ ನಾನು ಹೆಂಗ್ರೀ ಬದುಕ್ಲಿ? ಮೂರು ವರ್ಷದ ಮೊಮ್ಮಗ ಬೇರೆ, ಎಲ್ಲಾ ಬೀರು ತೆಗೀತಾನೆ. ಹೆಂಗಾದ್ರೂ ತಪ್ಪಿಸ್ರಿ." ಆಯ್ತು ಅಂದೆ. ಹೆಂಗೆ ಅಂತ ನನಗೇ ಗೊತ್ತಿಲ್ಲ. ಆ ಹಾಳು ಷಡ್ಡಕ ಸೊಂಟಕ್ಕೆ ಡೋಲು ಕಟ್ಕೊಂಡು ಬಂದಿದ್ರೆ ಇವರೂ ಡೋಲೇ ತರ್ತಿದ್ರು, ರಸ್ತೆಗೆ ಬರೀ ಗಲಾಟೇಲಿ ಮುಗೀತಿತ್ತು.

2. ಚಿಕ್ಕದು ಅಂದ್ರೆ ಎಷ್ಟು

ಚಿಕ್ಕ ರಿವಾಲ್ವರೇ ಬೇಕು, ಯಾಕಂದ್ರೆ ಇವರು ಉಡೋದು ಪಂಚೆ. ಚಿಕ್ಕದಾದ್ರೂ ಅರ್ಧ ಕೆಜಿ ತೂಗುತ್ತೆ ಅಂತ ಯಾರೋ ಹೇಳಿದ್ರಂತೆ. ಸರಿ, ಅಭ್ಯಾಸ ಆಗ್ಲಿ ಅಂತ ಅರ್ಧ ಕೆಜಿ ತೂಕದ ಕಲ್ಲು ಸೊಂಟಕ್ಕೆ ಸಿಕ್ಕಿಸ್ಕೊಂಡು ಗಾಂಧಿ ಬಜಾರಿಗೆ ಹೊರಟ್ರು. ಎದೆ ಮುಂದೆ, ಕೈ ಸೊಂಟದ ಮೇಲೆ. ನಾನು ಹಿಂದೇನೇ ಇದ್ದೆ. ಮೊಳ ಮಲ್ಲಿಗೆ ತಗೊಳ್ಳೋಕೆ ಬಗ್ಗಿದ್ರು ನೋಡಿ, ಕಲ್ಲು ಜಾರ್ತು, ಜೊತೇಲಿ ಪಂಚೇನೂ ಹೋಯ್ತು. ಹೂವಿನಾಕೆ ಕಣ್ಣು ಮುಚ್ಕೊಂಡೇ ಅಂದ್ಲು, "ಮೊದ್ಲು ಪಂಚೆ ಎತ್ಕೊಳ್ಳಿ ಸಾಮಿ, ಹೂವ ಆಮೇಲೆ ಮುಡಿಸುವಂತ್ರಿ."

ಮನೆಗೆ ಬಂದು ಬೈದಿದ್ದು ಯಾರಿಗೆ? ಹೆಂಡ್ತಿಗೆ. ಪಂಚೆಗೆ ಗಂಜಿ ಸರಿಯಾಗಿ ಹಾಕಿಲ್ವಂತೆ.

3. ಕೂಡೋ ಲೆಕ್ಕ

ಬಂದೂಕಿನ ಅಂಗಡಿಗೆ ಹೆಂಡ್ತೀನೂ ಕರ್ಕೊಂಡು ಹೋದ್ರು, ಆಕೆ ಕೈ ಹಿಡ್ಕೊಂಡು ನಾನೂ ಹೋದೆ. ಎಲ್ಲಾ ಸೀರೆ ಬಿಚ್ಚಿಸಿ ಒಂದೂ ತಗೊಳ್ಳದ ಗಿರಾಕಿಗಳನ್ನ ಇವರು ದಿನಾ ಶಪಿಸ್ತಾರಲ್ಲ, ಅಲ್ಲಿ ಇವರದ್ದೂ ಅದೇ ಆಟ. ಇದು ತೋರ್ಸಿ, ಅದು ತೋರ್ಸಿ, ಇದರಲ್ಲೇ ಬೇರೆ ಡಿಸೈನ್ ಇದ್ಯಾ.

ಅಂಗಡಿಯಾತ ತಾಳ್ಮೆಯಿಂದ ಹೇಳ್ದ. ತೀರಾ ಹಗುರದ್ದಾದ್ರೆ ಹೊಡೆದಾಗ ಕೈಗೆ ಜೋರಾಗಿ ಒದೆಯುತ್ತೆ. ಜಾಸ್ತಿ ಜನ ತಗೊಳ್ಳೋದು ಪಾಯಿಂಟ್ ಮೂವತ್ತೆರಡು ಅಳತೆ ಗುಂಡಿಂದು, ಆದ್ರೆ ನಿಮ್ಮ ಕೈ ನಡುಗುತ್ತೆ ಸಾರ್, ಪಾಯಿಂಟ್ ಇಪ್ಪತ್ತೆರಡು ಸಣ್ಣ ಗುಂಡು, ಅದೇ ನಿಮಗೆ ಸರಿ ಅಂದ. ಇವರು ಜೇಬಿಂದ ಜೋಯಿಸರ ಚೀಟಿ ತೆಗೆದ್ರು. ಎರಡೂ ಎರಡೂ ನಾಲ್ಕು, ನಾಲ್ಕು ಅಂದ್ರೆ ರಾಹು. ಮೂರೂ ಎರಡೂ ಐದು, ಐದು ಬುಧ, ವ್ಯಾಪಾರಸ್ಥರಿಗೆ ಶ್ರೇಷ್ಠ. ಮೂವತ್ತೆರಡೇ ಇರ್ಲಿ, ಲೈಸೆನ್ಸ್ ಬಂದ ತಕ್ಷಣ ಒಯ್ತೀನಿ ಅಂತ ತೀರ್ಮಾನ ಮಾಡೇಬಿಟ್ರು.

ನನಗೆ ತಡೆಯಕ್ಕಾಗ್ಲಿಲ್ಲ. "ಕಳ್ಳ ಬಂದಾಗ ಮೊದ್ಲು ಅವನ ಜಾತಕ ಇಸ್ಕೊಳ್ಳಿ ಯಜಮಾನ್ರೇ, ಇಬ್ಬರಿಗೂ ಕೂಡಿ ಬರುತ್ತಾ ನೋಡೋಣ."

4. ಶಾಂತ ಸ್ವಭಾವ

ಲೈಸೆನ್ಸಿಗೆ ಅರ್ಜಿ ಹಾಕಿದ್ಮೇಲೆ ಪೊಲೀಸ್ನೋರು ಅಕ್ಕಪಕ್ಕ ವಿಚಾರಿಸ್ತಾರೆ. ಅವರು ಬರೋ ದಿನ ಬೆಳಗ್ಗೆನೇ ಯಜಮಾನ್ರು ಮೈಸೂರು ಪಾಕಿನ ಡಬ್ಬಿ ಹಿಡ್ಕೊಂಡು ನಮ್ಮ ಮನೆಗೆ ಬಂದ್ರು. ಹತ್ತು ವರ್ಷದಲ್ಲಿ ಒಂದು ಬಾಳೆಹಣ್ಣು ಕೊಟ್ಟೋರಲ್ಲ. "ಶಾಂತ ಸ್ವಭಾವ ಅಂತ ಒಂದು ಮಾತು ಹೇಳ್ಬಿಡೀಮ್ಮ" ಅಂದ್ರು. ಅವರು ಹೋಗ್ತಿದ್ದ ಹಾಗೆ ಕಿಟಕೀಲಿ ಹೆಂಡ್ತಿ ನಂಗೆ ಕೈ ಮುಗೀತಾ ನಿಂತಿದ್ರು.

ಪೊಲೀಸ್ನೋರು ಬಂದ್ರು. ಖಾಕಿ ಇಲ್ಲ, ಮಾಮೂಲಿ ಷರ್ಟು, ಮಾಮೂಲಿ ಬೈಕು. ಗಾಡಿ ಎಲ್ಲಿ ನಿಲ್ಲಿಸ್ಲಮ್ಮ ಅಂದ್ರು. ನಾನು ಎದುರುಮನೆ ಗೇಟಿಗೆ ಅಡ್ಡ ತೋರಿಸ್ದೆ. "ಅಲ್ಲೇ ನಿಲ್ಸಿ ಸಾರ್, ಒಳ್ಳೇ ನೆರಳು."

ಜಗಲೀಲಿ ಕೂರಿಸಿ ಕಾಫಿ ಕೊಟ್ಟೆ. ಆ ಯಜಮಾನ್ರು ಹೆಂಗೆ ಅಂತ ಕೇಳಿದ್ರು. ದೇವರಂಥೋರು, ಇರುವೆ ತುಳಿಯಲ್ಲ ಅಂದೆ. ಪಾಪ, ಅವರು ಬರ್ಕೊಳ್ತಾ ಇದ್ರು. ಅಷ್ಟರಲ್ಲಿ ಯಜಮಾನ್ರು ಅಂಗಡಿಗೆ ಹೊರಡೋಕೆ ಗೇಟ್ ತೆಗೆದ್ರು.

"ಯಾವನೋ ಅವನು ನನ್ನ ಗೇಟಿಗೆ ಗಾಡಿ ಅಡ್ಡ ಇಟ್ಟಿರೋ ಕತ್ತೆ? ಲೈಸೆನ್ಸ್ ಒಂದು ಬರ್ಲಿ ಮಗನೇ, ಮೊದಲನೇ ಗುಂಡು ನಿಂಗೇ."

ಪೊಲೀಸ್ನೋರು ಲೋಟ ಕೆಳಗಿಟ್ಟು, ಅರ್ಜಿ ಹಾಳೆ ತಗೊಂಡು ರಸ್ತೆ ದಾಟಿದ್ರು.

"ಗಾಡಿ ನಂದೇ ಸಾರ್. ಆ ಮೊದಲನೇ ಗುಂಡಿನ ಮಾತು ಇನ್ನೊಂದ್ಸಲ ನಿಧಾನಕ್ಕೆ ಹೇಳಿ, ಸ್ವಭಾವ ಅನ್ನೋ ಕಾಲಮ್ಮಿನಲ್ಲಿ ಬರ್ಕೋಬೇಕು."