ಮೈದುನನ ತಂಪು ಟಯರು

ಬಹರೈನಿನಲ್ಲಿ ಹತ್ತು ವರ್ಷ ಕಳೆದ ನಮ್ಮ ಕರಾವಳಿಯ ಯಾವ ಗಂಡಸೂ ಕಾರಿನ ವಿಷಯದಲ್ಲಿ ‘ನನಗೆ ಗೊತ್ತಿಲ್ಲ’ ಎಂದದ್ದನ್ನು ನಾನು ಕೇಳಿಲ್ಲ. ಆದ್ದರಿಂದ ಇಂಥ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ, ಸಾಮಾನ್ಯವಾಗಿ ಶುಕ್ರವಾರದ ಊಟದ ಹೊತ್ತಿಗೆ, ಮನೆ ಬಾಗಿಲಿಗೆ ಬರುತ್ತವೆ.

ಈ ವರ್ಷದ ಪ್ರಸಂಗಗಳಿಗೆಲ್ಲ ಮೂಲ ನನ್ನ ಕಾರು. ಪುಟ್ಟದು, ಬಿಳಿಯದು, ಹನ್ನೊಂದು ವರ್ಷದ್ದು. ಮುಹರ್ರಕ್‌ನ ನಮ್ಮ ಮನೆಯಿಂದ, ನಾನು ರಸಾಯನಶಾಸ್ತ್ರ ಕಲಿಸುವ ಶಾಲೆಗೆ, ದಿನವೂ ಸೇತುವೆ ದಾಟಿ ಅದರಲ್ಲೇ ಹೋಗಿಬರುತ್ತೇನೆ. ಜೂನ್ ಕೊನೆಗೆ ಅದರ ನೋಂದಣಿ ನವೀಕರಿಸಬೇಕಿತ್ತು. ಅದಕ್ಕೆ ಮೊದಲು ತಪಾಸಣಾ ಕೇಂದ್ರದಲ್ಲಿ ಪಾಸಾಗಬೇಕು. ನಾಲ್ಕು ಟಯರುಗಳೂ ಬಿರುಕು ಬಿಟ್ಟಿದ್ದವು. ಒಂದು ಚಕ್ರದ ರಿಮ್ ಸೊಟ್ಟಗಾಗಿತ್ತು. ಸೊಟ್ಟಗಾದದ್ದು ನನ್ನಿಂದಲ್ಲ. ಪಾರ್ಕಿಂಗ್ ಮಾಡುವ ಸರಿಯಾದ ಕ್ರಮವನ್ನು ತೋರಿಸಿಕೊಡುತ್ತೇನೆಂದು ನನ್ನ ಮೈದುನ ಕಾರು ಹತ್ತಿ, ಫುಟ್‌ಪಾತಿನ ಅಂಚಿಗೆ ಗುದ್ದಿ ತೋರಿಸಿಕೊಟ್ಟಿದ್ದ.

ಮೈದುನನೆಂದರೆ ನನ್ನ ಯಜಮಾನರ ತಮ್ಮ. ಇಲ್ಲಿಯದೇ ಸೀಫ್ ಬಡಾವಣೆಯ ಕಂಪನಿಯೊಂದರಲ್ಲಿ ಮ್ಯಾನೇಜರ್. ನಾನು ಈ ಕಾರು ಕೊಂಡ ಎರಡನೆಯ ವಾರದಲ್ಲಿ ತಾನೂ ಅದೇ ಮಾದರಿಯ ಕಾರನ್ನು ಕೊಂಡವನು. ಜನರಿಗೆ ಹೇಳುವಾಗ ಮಾತ್ರ ಕ್ರಮ ತಿರುಗುಮುರುಗಾಗುತ್ತದೆ. ನನಗೆ ಅರವತ್ತು ತುಂಬಿದ ವಾರವೇ ಅವನು ಅಣ್ಣನೊಡನೆ ಕುಳಿತು ಒಂದು ತೀರ್ಮಾನಕ್ಕೆ ಬಂದಿದ್ದ: ತಪಾಸಣೆಯಲ್ಲಿ ನನ್ನ ಕಾರು ಫೇಲಾದರೆ ಅದನ್ನು ಮಾರಿಬಿಡುವುದು, ಆಮೇಲೆ ಎಲ್ಲಿಗೆ ಹೋಗುವುದಿದ್ದರೂ ನಾನು ಅವನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವುದು.

“ನಾನಿದ್ದೇನಲ್ಲ ಅತ್ತಿಗೆ,” ಎಂದ. “ಈ ಪ್ರಾಯದಲ್ಲಿ ನಿಮಗೆ ಯಾಕೆ ಸ್ಟಿಯರಿಂಗಿನ ಉಪದ್ರ?”

ನಾನು ಒಪ್ಪಿದೆ. ನನ್ನದೂ ಒಂದು ಷರತ್ತಿತ್ತು. ಪಾಸಾದರೆ ನನ್ನ ಪ್ರಾಯದ ಮಾತನ್ನು ಈ ಮನೆಯಲ್ಲಿ ಇನ್ನು ಯಾರೂ ಎತ್ತಕೂಡದು.

ಒದೆ

ಮೇ ತಿಂಗಳ ಮೊದಲ ಶುಕ್ರವಾರ ಊರಿನ ಬಳಗ ಊಟಕ್ಕೆ ಬಂದಿತ್ತು. ಟಯರಿನ ಸುದ್ದಿ ಮೈದುನನ ಬಾಯಿಂದ ಹೊರಬಿದ್ದದ್ದೇ ತಡ, ಪಾಯಸದ ಲೋಟ ಕೆಳಗಿಟ್ಟು ಏಳು ಮಂದಿ ಗಂಡಸರು ಉರಿಬಿಸಿಲಿನಲ್ಲಿ ಕೆಳಗಿಳಿದರು. ಒಬ್ಬರು ಬ್ಯಾಂಕಿನವರು, ಒಬ್ಬರು ದಂತವೈದ್ಯರು, ಒಬ್ಬರು ಹೋಟೆಲಿನ ಮ್ಯಾನೇಜರು. ಉಳಿದವರ ಉದ್ಯೋಗಕ್ಕೂ ರಬ್ಬರಿಗೂ ಅಷ್ಟೇ ದೂರ.

ಬ್ಯಾಂಕಿನವರು ಮುಂದಿನ ಎಡ ಟಯರನ್ನು ಒದ್ದು, ‘ಹ್ಞೂಂ’ ಎಂದರು. ದಂತವೈದ್ಯರು ಅದನ್ನೇ ಒದ್ದು, ಇನ್ನು ಒಂದು ವರ್ಷ ಧಾರಾಳ ಬರುತ್ತದೆ ಎಂದರು. ಮೂರನೆಯವರು ಒದ್ದು, ಒಂದು ವಾರವೂ ಬಾರದು ಎಂದರು. ಹೀಗೆ ಆರು ಒದೆಗಳಿಂದ ಆರು ಅಭಿಪ್ರಾಯಗಳು ಹೊರಟವು.

ಒದೆಯುವುದರಿಂದ ನಿಶ್ಚಿತವಾಗಿ ಏನು ತಿಳಿಯುತ್ತದೆ ಎಂದು ನಾನು ಕೇಳಿದೆ. ಆ ಪ್ರಶ್ನೆಗೆ ಉತ್ತರ ಕಂಡುಹಿಡಿಯುವ ಸಲುವಾಗಿ, ಏಳನೆಯವರು ಮುಂದೆ ಬಂದು ಒದ್ದರು.

ಮೀಡಿಯಂ

ಸೊಟ್ಟಗಾದ ಒಂದು ಚಕ್ರದ ನೆಪದಲ್ಲಿ ನಾಲ್ಕನ್ನೂ ಬದಲಾಯಿಸೋಣವೆಂದು ನಾನೂ ಯಜಮಾನರೂ ಚಕ್ರದ ಅಂಗಡಿಗೆ ಹೋದೆವು. ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು: ಯಜಮಾನರಿಗೆ ಲೈಸೆನ್ಸ್ ಇಲ್ಲ. ಮೂರು ಸಲ ಪರೀಕ್ಷೆಗೆ ಹೋಗಿ, ಮೂರು ಸಲವೂ ಒಂದೇ ತಿರುವಿನಲ್ಲಿ ಸೋತು, ಆ ತಿರುವಿನ ಮೇಲೆಯೇ ಮುನಿಸಿಕೊಂಡವರು. ಅಂಗಡಿಗೆ ಅವರನ್ನು ಕರೆತಂದವಳೂ, ಕಾರು ನಿಲ್ಲಿಸಿದವಳೂ, ಕೀಲಿಕೈ ಹಿಡಿದು ಒಳಬಂದವಳೂ ನಾನೇ.

ಅಂಗಡಿಯ ಸೇಲ್ಸ್‌ಮನ್ ನೇರವಾಗಿ ಅವರ ಬಳಿಗೆ ಹೋದ. ನನ್ನ ಪುಟ್ಟ ಕಾರಿಗೆ ಲಾರಿಯಷ್ಟು ದೊಡ್ಡ, ಕನ್ನಡಿಯಂತೆ ಹೊಳೆಯುವ ಚಕ್ರಗಳನ್ನು ತೋರಿಸಿ, ಅವುಗಳ ಗುಣಗಾನವನ್ನು ಹಿಂದಿಯಲ್ಲಿ ಹತ್ತು ನಿಮಿಷ ಮಾಡಿದ. ಈಗ ಇರುವ ಅಳತೆಯೇ ಸಾಕು, ಬೋಲ್ಟಿನ ತೂತುಗಳು ಹೊಂದಬೇಕು, ಅಂಚು ಹೊರಗೆ ಚಾಚಬಾರದು ಎಂದು ನಾನು ಹೇಳಿದೆ. ಅವನು ಅದನ್ನು ಕೇಳಿ, ಮರುಪ್ರಶ್ನೆಯನ್ನು ಯಜಮಾನರಿಗೆ ಹಾಕಿದ: ಸರ್, ಆಫ್‌ಸೆಟ್ ಎಷ್ಟಿರಲಿ?

ಆಫ್‌ಸೆಟ್ ಎಂದರೆ ಚಕ್ರ ಎಷ್ಟು ಒಳಗೆ ಕೂರುತ್ತದೆ ಎಂಬ ಲೆಕ್ಕ. ಯಜಮಾನರು ಗದ್ದ ಸವರಿಕೊಂಡರು. ಬಹಳ ಗಾಂಭೀರ್ಯದಿಂದ, “ಮೀಡಿಯಂ ಇರಲಿ,” ಎಂದರು.

ನಾನು ಕಾಗದದಲ್ಲಿ ಸರಿಯಾದ ಸಂಖ್ಯೆಯನ್ನು ಬರೆದು, ಸಾದಾ ಚಕ್ರಗಳನ್ನು ಆರಿಸಿ, ಸಹಿ ಹಾಕಿದೆ. ಆಗ ಕೊನೆಗೂ ಸೇಲ್ಸ್‌ಮನ್ ನನ್ನ ಕಡೆ ತಿರುಗಿ, ವಿನಯದಿಂದ ಬಾಗಿ, ಮೊದಲ ಬಾರಿಗೆ ನನ್ನ ಅಭಿಪ್ರಾಯವನ್ನು ಕೇಳಿದ. ಸರ್‌ಗೆ ಚಹಾಕ್ಕೆ ಎಷ್ಟು ಸಕ್ಕರೆ ಹಾಕಲಿ ಎಂದು.

ಗುಡ್ಡದ ಚಿತ್ರ

ಚಕ್ರ ಸಿಕ್ಕಿತು, ಟಯರು ಬಾಕಿ. ಅಷ್ಟರಲ್ಲಿ ಮೈದುನ ನಾಲ್ಕು ಹೊಸ ಟಯರುಗಳನ್ನು ಡಿಕ್ಕಿಯಲ್ಲೂ ಹಿಂದಿನ ಸೀಟಿನಲ್ಲೂ ತುಂಬಿಕೊಂಡು ಬಂದ. ಅವಾಲಿಯ ತೈಲ ಕಾಲೊನಿಯಲ್ಲಿದ್ದ ಯುರೋಪಿನ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ಅವನ್ನು ಬಿಟ್ಟುಹೋಗಿದ್ದರಂತೆ. ನಮ್ಮ ಎರಡೂ ಕಾರುಗಳ ಅಳತೆಗೆ ಸರಿಯಾಗಿ ಹೊಂದುತ್ತಿದ್ದವು. ಪ್ರತಿ ಟಯರಿನ ಪಕ್ಕದಲ್ಲೂ ಮೂರು ತುದಿಯ ಗುಡ್ಡದ ಚಿತ್ರ, ಅದರೊಳಗೆ ಒಂದು ಹಿಮದ ಹರಳು.

ಇವು ಚಳಿದೇಶದ ಟಯರುಗಳು, ಹಿಮದ ಮೇಲೆ ಓಡಿಸುವುದಕ್ಕೆ ಮಾಡಿದವು ಎಂದೆ. ಅವನು ಕರುಣೆಯಿಂದ ನಕ್ಕ.

“ಅತ್ತಿಗೆ, ನಿಮ್ಮ ಎಸಿಯ ರಿಮೋಟಿನಲ್ಲಿ ಯಾವ ಚಿತ್ರ ಉಂಟು?”

“ಹಿಮದ ಹರಳು.”

“ಅದನ್ನು ಒತ್ತಿದರೆ ಏನಾಗ್ತದೆ?”

“ತಂಪಾಗುತ್ತದೆ.”

“ಮತ್ತೆ? ಇದು ಕೂಲ್ ಟಯರ್. ನಮ್ಮ ಬಿಸಿಲಿಗೇ ಹೇಳಿ ಮಾಡಿಸಿದ್ದು.”

ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು ನಾನು. ಹಿಮದ ಟಯರಿನ ರಬ್ಬರು ಮೃದು, ಚಳಿಯಲ್ಲಿ ಗಡಸಾಗಬಾರದೆಂದು ಹಾಗೆ ಮಾಡಿರುತ್ತಾರೆ, ಇಲ್ಲಿಯ ಕಾದ ಡಾಂಬರಿನ ಮೇಲೆ ಅದು ತಿಂಗಳೊಪ್ಪತ್ತಿನಲ್ಲಿ ಕಿತ್ತುಬರುತ್ತದೆ ಎಂದು ಎಂಟನೆಯ ತರಗತಿಯ ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದೆ. ಎಂಟನೆಯ ತರಗತಿಯ ಮಕ್ಕಳಾಗಿದ್ದರೆ ಅರ್ಥವಾಗುತ್ತಿತ್ತು. ಹಾಗಾದರೆ ಈ ಗುಡ್ಡ ಯಾತಕ್ಕೆ ಎಂದು ಕೊನೆಗೆ ಕೇಳಿದೆ. ಈ ಸಪಾಟು ದ್ವೀಪದಲ್ಲಿ ಗುಡ್ಡವೆಲ್ಲಿದೆ?

ಅವನು ಒಂದು ಕ್ಷಣವೂ ತಡವರಿಸಲಿಲ್ಲ. “ಅದು ಫ್ಲೈಓವರ್ ಅತ್ತಿಗೆ.”

ಸೋಫಾದಲ್ಲಿದ್ದ ಯಜಮಾನರು, ಅವನು ಹೇಳುವುದರಲ್ಲಿಯೂ ಒಂದು ಅರ್ಥವಿದೆ ಎಂದರು.

ನಾನು ಬೇಡವೆಂದೆ. ಅವನು ಸಿಟ್ಟಿನಿಂದ ನಾಲ್ಕನ್ನೂ ತನ್ನ ಕಾರಿಗೇ ಹಾಕಿಸಿಕೊಂಡ. ಮುಂದಿನ ಶುಕ್ರವಾರ ಅದೇ ಏಳು ಮಂದಿ ಆ ಟಯರುಗಳನ್ನು ನೋಡಲು ಕೆಳಗಿಳಿದರು. ಈ ಸಲ ಯಾರೂ ಒದೆಯಲಿಲ್ಲ, ಭಕ್ತಿಯಿಂದ ಮುಟ್ಟಿದರು. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ದಂತವೈದ್ಯರು ಅಂಗೈಯನ್ನು ರಬ್ಬರಿನ ಮೇಲೆ ಪೂರ್ತಿ ಇಟ್ಟು, ಹೌದು, ವ್ಯತ್ಯಾಸ ತಿಳಿಯುತ್ತದೆ ಎಂದರು. ಶನಿವಾರ ಅವರು ಯಾರ ಹಲ್ಲನ್ನೂ ಕೀಳಲಿಲ್ಲವೆಂದು ಕೇಳಿದೆ; ಅಂಗೈಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದ್ದರಂತೆ.

ನಾಲ್ಕು ಅಂಕೆ

ಟಯರು ಕೊಳ್ಳಲು ನಾನು ಒಬ್ಬಳೇ ಹೋದೆ. ಮುಹರ್ರಕ್ ಪೇಟೆಯ ಹಳೆಯ ಅಂಗಡಿ. ಉರ್ದು ಮಾತನಾಡುವ, ಗಡ್ಡ ನೆರೆತ ಅಂಗಡಿಯಾತ. ಅವನು ಹೊರಗಿಟ್ಟ ನಾಲ್ಕು ಟಯರುಗಳನ್ನು ತಟ್ಟಿ, ಫ್ರೆಶ್ ಮಾಲು ಎಂದ. ನಾನು ಕನ್ನಡಕ ಹಾಕಿಕೊಂಡು ಬಗ್ಗಿ, ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕೆಗಳನ್ನು ಓದಿದೆ. ಮೊದಲೆರಡು ಅಂಕೆ ಟಯರು ತಯಾರಾದ ವಾರ, ಕೊನೆಯೆರಡು ವರ್ಷ. ಅದು ಮಾಡೆಲ್ ನಂಬರ್ ಮೇಡಂ ಎಂದ. ಅಲ್ಲ, ಇದು ಏಳು ವರ್ಷದ ಹಿಂದಿನ ನಲವತ್ತನೆಯ ವಾರ ಎಂದೆ. ಉಷ್ಣ ತಡೆಯುವ ದರ್ಜೆಯ ಅಕ್ಷರವನ್ನೂ ತೋರಿಸಿ, ಈ ಊರಿಗೆ ಇದಕ್ಕಿಂತ ಮೇಲಿನದು ಬೇಕು ಎಂದೆ.

ಅವನು ಒಳಗೆ ಹೋಗಿ, ಬೇರೆ ನಾಲ್ಕನ್ನು ಉರುಳಿಸಿಕೊಂಡು ಬಂದು, ಅಂಕೆಗಳು ನನ್ನ ಕಡೆ ಕಾಣುವಂತೆ ಸಾಲಾಗಿ ನಿಲ್ಲಿಸಿದ. ಮೂರು ತಿಂಗಳ ಹಿಂದಿನವು. ಆಮೇಲೆ ಅಳುಕುತ್ತ, ತಾವು ತಪಾಸಣಾ ಕೇಂದ್ರದವರೇ ಎಂದು ಕೇಳಿದ. ಅಲ್ಲ, ಟೀಚರ್ ಎಂದೆ.

ಅವನು ನಿಟ್ಟುಸಿರಿಟ್ಟು, ತಪಾಸಣೆಯವರಾಗಿದ್ದರೇ ವಾಸಿಯಿತ್ತು ಎಂದ. ಈ ಇಡೀ ವೃತ್ತಾಂತದಲ್ಲಿ ಕೊನೆಗಾದರೂ ಸತ್ಯ ನುಡಿದ ಒಬ್ಬನೇ ಗಂಡಸು ಅವನು.

ತಪಾಸಣೆ

ನಮ್ಮಿಬ್ಬರ ನೋಂದಣಿಯೂ ಮುಗಿಯುವುದು ಅದೇ ತಿಂಗಳಾದ್ದರಿಂದ, ಮೈದುನ ತನ್ನ ಕಾರನ್ನೂ ಅದೇ ದಿನ ತಂದ. ಯಜಮಾನರು ಅವನ ಕಾರಿನಲ್ಲಿ ಕುಳಿತು ಬಂದರು. ಕಾರಣ ಕೇಳಿದ್ದಕ್ಕೆ, ನಿನ್ನದು ಫೇಲಾದರೆ ಮನೆಗೆ ಹೋಗಲು ಒಂದು ಕಾರು ಸಿದ್ಧವಿರಬೇಕಲ್ಲ ಎಂದರು. ಸಾಲಿನಲ್ಲಿ ನನ್ನದು ಮುಂದೆ, ಅವರದು ಹಿಂದೆ.

ತಪಾಸಣೆಯ ತರುಣ ಅಧಿಕಾರಿ ಸ್ಥಳೀಯ ಹುಡುಗ. ನನ್ನನ್ನು ‘ಖಾಲ್ತಿ’ ಎಂದು, ಅಂದರೆ ಚಿಕ್ಕಮ್ಮ ಎಂದು, ಕರೆದು ಬ್ರೇಕು, ದೀಪ, ಚಕ್ರ ಎಲ್ಲವನ್ನೂ ನೋಡಿದ. ಟಯರಿನ ನಾಲ್ಕು ಅಂಕೆಗಳನ್ನು ಓದಿ, ಕಾಗದಕ್ಕೆ ಮುದ್ರೆ ಒತ್ತಿದ. ಆ ಮುದ್ರೆಯ ಸದ್ದು ಹಿಂದಿನ ಕಾರಿನವರೆಗೂ ಕೇಳಿಸಿರಬೇಕು. ಯಜಮಾನರು ಕಿಟಕಿಯ ಗಾಜು ಏರಿಸಿದರು.

ಮುಂದಿನ ಸರದಿ ಮೈದುನನದು. ಅಧಿಕಾರಿ ಟಯರಿನ ಬಳಿ ಬಗ್ಗಿದವನು ಹಾಗೆಯೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಇನ್ನಿಬ್ಬರನ್ನು ಕರೆದ. ಮೂವರೂ ಕೂತರು. ಐದು ವಾರದ ಬಿಸಿಲಿಗೆ ಎರಡು ಟಯರುಗಳಿಂದ ರಬ್ಬರಿನ ಚೂರುಗಳು ಎದ್ದುಹೋಗಿದ್ದವು. ಒಬ್ಬನೂ ಒದೆಯಲಿಲ್ಲ, ಅವರಿಗೆ ತರಬೇತಿ ಇದೆ. ಹಿರಿಯ ಅಧಿಕಾರಿ ಎದ್ದು, ತಾವು ಈ ಕಾರನ್ನು ಹಿಮ ಬೀಳುವ ಯಾವುದಾದರೂ ದೇಶದಿಂದ ಓಡಿಸಿಕೊಂಡು ಬಂದಿರಾ ಎಂದು ಸೌಜನ್ಯದಿಂದ ವಿಚಾರಿಸಿದ. ಸೀಫ್‌ನಿಂದ ಎಂದ ಮೈದುನ. ಆಮೇಲೆ ಎಸಿ ರಿಮೋಟಿನ ಸಿದ್ಧಾಂತವನ್ನು, ಫ್ಲೈಓವರ್ ಸಹಿತ, ಇಂಗ್ಲಿಷಿನಲ್ಲಿ ಪೂರ್ತಿಯಾಗಿ ವಿವರಿಸಿದ. ಮೂವರೂ ನಗದೆ ಕೇಳಿದರು. ತರುಣ ಮಾತ್ರ ಫೋನು ತೆಗೆದು ಆ ಗುಡ್ಡದ ಚಿತ್ರದ ಫೋಟೊ ಹಿಡಿದುಕೊಂಡ.

ಕಾರು ಫೇಲಾಯಿತು. ಈ ಟಯರಿನಲ್ಲಿ ರಸ್ತೆಗೆ ಇಳಿಸುವಂತಿಲ್ಲವೆಂದು ಅದನ್ನು ರಿಕವರಿ ಲಾರಿಯ ಮೇಲೆ ಏರಿಸಿ ಗ್ಯಾರೇಜಿಗೆ ಕಳುಹಿಸಿದರು.

ಅಣ್ಣತಮ್ಮಂದಿರು ಬಿಸಿಲಿನಲ್ಲಿ ನಿಂತಿದ್ದರು. ನಾನು ಕಾರನ್ನು ಅವರ ಮುಂದೆ ತಂದು, ಒಂದೇ ಸಲಕ್ಕೆ, ಫುಟ್‌ಪಾತಿನ ಅಂಚಿಗೆ ತಾಗದಂತೆ, ನಿಲ್ಲಿಸಿದೆ. ಯಜಮಾನರು ಮುಂದೆ ಹತ್ತಿದರು. ಮೈದುನ ಮುಂದಿನ ಬಾಗಿಲನ್ನೇ ಒಂದು ಗಳಿಗೆ ನೋಡಿ, ಹಿಂದೆ ಹತ್ತಿದ. ಅರ್ಧ ದಾರಿಯಲ್ಲಿ ಹಿಂದಿನಿಂದ ಕ್ಷೀಣ ಸ್ವರ ಬಂತು.

“ಅತ್ತಿಗೆ, ಸ್ವಲ್ಪ ಎಸಿ...”

ನಾನು ಹಿಮದ ಹರಳಿನ ಗುಂಡಿಯನ್ನು ಒತ್ತಿದೆ. ತಂಪಾಯಿತು. ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಆಡುವ ಅಗತ್ಯ ನನಗಿರಲಿಲ್ಲ.

ಆಡಿದವರು ಯಜಮಾನರು. ಮುಂದೆ ಫ್ಲೈಓವರಿನ ಏರು ಕಾಣಿಸಿತು. ಐದು ವಾರ ತಮ್ಮನ ಪಕ್ಷವನ್ನು ಹಿಡಿದಿದ್ದ ಆ ಮಹಾನುಭಾವರು ಸೀಟಿನಲ್ಲಿ ನೆಟ್ಟಗೆ ಕುಳಿತು, ಹಿಂದಕ್ಕೆ ತಿರುಗಿದರು.

“ಗುಡ್ಡ ಬಂತು ಮಾರಾಯ,” ಎಂದರು. “ಗಟ್ಟಿ ಹಿಡಿದುಕೊ.”